ಕ್ರಿಸ್‌ಮಸ್ ಸಿನಿಮಾ: ಯಾವುದು, ಯಾರಿಗೆ, ಹೇಗೆ?

‘ಕೇಳಿ, ಹೇಳುತ್ತೇವೆ’ ಅಂಕಣಕ್ಕೆ ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರಿಸ್‌ಮಸ್ ಚಿತ್ರಗಳ ಬಗ್ಗೆಯೇ ಇವೆ. ಯಾವ ಚಿತ್ರ ಒಳ್ಳೆಯದು ಎಂದು ಕೇಳಿದವರಷ್ಟೇ ಜನ, ಅದನ್ನು ಸರಿಯಾಗಿ ತೋರಿಸುವುದು ಹೇಗೆ ಎಂದೂ ಕೇಳಿದ್ದಾರೆ. ಎರಡಕ್ಕೂ ಉತ್ತರ ಇಲ್ಲಿದೆ.

ಕುವೆಂಪುನಗರ, ಮೈಸೂರಿನ ಓದುಗರು: ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಸೇರಿ 25ರ ಸಂಜೆ ನಮ್ಮ ಹಾಲ್‌ನಲ್ಲಿ ಸಿನಿಮಾ ನೋಡಬೇಕೆಂದಿದ್ದೇವೆ. ಐದು ವರ್ಷದ ಮಗುವಿನಿಂದ ಎಪ್ಪತ್ತೈದರ ಅಜ್ಜಿಯವರೆಗೆ ಹದಿನಾರು ಜನ. ಎಲ್ಲರಿಗೂ ಹಿಡಿಸುವ ಒಂದು ಚಿತ್ರ ಯಾವುದು?

ಒಂದೇ ಚಿತ್ರಕ್ಕೆ ಹಟ ಹಿಡಿಯಬೇಡಿ. ಐದು ವರ್ಷದ ಮಗು ನೂರು ನಿಮಿಷ ಒಂದೇ ಕಡೆ ಕೂರುವುದಿಲ್ಲ. ಅದು ಎದ್ದು ಓಡಾಡತೊಡಗಿದರೆ ಉಳಿದವರ ಗಮನವೂ ಹೋಗುತ್ತದೆ. ಸಂಜೆಯನ್ನು ಎರಡಾಗಿ ಮಾಡಿಕೊಳ್ಳಿ. ಆರೂವರೆಗೆ ‘ದಿ ಸ್ನೋಮ್ಯಾನ್’ ಹಾಕಿ. 1982ರದು, 26 ನಿಮಿಷ, ಮಾತೇ ಇಲ್ಲ. ಏಳಕ್ಕೆ ಕೇಕು, ಕಾಫಿ. ಏಳೂ ಇಪ್ಪತ್ತಕ್ಕೆ ದೊಡ್ಡ ಚಿತ್ರ. ಅಷ್ಟು ಹೊತ್ತಿಗೆ ಚಿಕ್ಕವರಿಗೆ ಹೊಟ್ಟೆ ತುಂಬಿರುತ್ತದೆ, ನಿದ್ದೆ ಬಂದವರು ಮಲಗುತ್ತಾರೆ.

ದೊಡ್ಡ ಚಿತ್ರಕ್ಕೆ ನಮ್ಮ ಮೊದಲ ಆಯ್ಕೆ ‘ಕ್ಲೌಸ್’. ಸ್ಪ್ಯಾನಿಷ್ ನಿರ್ದೇಶಕ ಸೆರ್ಹಿಯೋ ಪಾಬ್ಲೋಸ್ ಅವರ 2019ರ ಕಾರ್ಟೂನ್ ಚಿತ್ರ, ನೆಟ್‌ಫ್ಲಿಕ್ಸ್‌ನಲ್ಲಿದೆ. ಚಿತ್ರಗಳೆಲ್ಲ ಕೈಯಲ್ಲಿ ಬರೆದವು. ಅವುಗಳ ಮೇಲೆ ಬೆಳಕು ನೆರಳನ್ನು ಕಂಪ್ಯೂಟರಿನಲ್ಲಿ ಕೂರಿಸಿರುವುದರಿಂದ ಗೊಂಬೆಗಳಿಗೆ ಮೈ ಬಂದಂತೆ ಕಾಣುತ್ತದೆ. ಸೋಮಾರಿ ಅಂಚೆಯವನೊಬ್ಬನನ್ನು ಅಪ್ಪ ಶಿಕ್ಷೆಗೆಂದು ಉತ್ತರದ ದ್ವೀಪಕ್ಕೆ ಅಟ್ಟುತ್ತಾನೆ. ವರ್ಷದಲ್ಲಿ ಆರು ಸಾವಿರ ಕಾಗದ ಸಾಗಿಸಬೇಕು. ಊರಿನಲ್ಲೋ ಎರಡು ಮನೆತನಗಳ ನಡುವೆ ತಲೆತಲಾಂತರದ ಹಗೆ, ಯಾರೂ ಯಾರಿಗೂ ಒಂದು ಸಾಲೂ ಬರೆಯುವುದಿಲ್ಲ. ಶಾಲೆಗೆ ಮಕ್ಕಳು ಬಾರದೆ ಟೀಚರ್ ಅಲ್ಲೇ ಮೀನು ಮಾರುತ್ತಿದ್ದಾಳೆ. ನಮ್ಮ ಕಡೆ ಬದುವಿನ ಜಗಳ ನೋಡಿದವರಿಗೆ ಈ ಊರನ್ನು ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ಸಾಮಿ ಎಂಬ ಬುಡಕಟ್ಟಿನ ಪುಟ್ಟ ಹುಡುಗಿ ತನ್ನ ಭಾಷೆಯಲ್ಲೇ ಪಟಪಟ ಮಾತಾಡುತ್ತಾಳೆ. ಅವಳ ಮಾತಿಗೆ ಸಬ್‌ಟೈಟಲ್ ಹಾಕಿಲ್ಲ. ಅಂಚೆಯವನಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ, ಆದರೂ ಅವಳಿಗೆ ಏನು ಬೇಕೆಂದು ಗೊತ್ತಾಗುತ್ತದೆ. ಇಂಗ್ಲಿಷ್ ಬಾರದ ಅಜ್ಜಿ ಆ ಜಾಗದಲ್ಲಿ ಎಲ್ಲರಿಗೂ ಸಮ.

ಎರಡನೆಯ ಆಯ್ಕೆ ‘ಹೋಮ್ ಅಲೋನ್’ (1990, 103 ನಿಮಿಷ). ಮನೆಯಲ್ಲಿ ಒಬ್ಬನೇ ಉಳಿದ ಹುಡುಗ ಕಳ್ಳರಿಗೆ ಒಡ್ಡುವ ಬಲೆಗಳು ಎಲ್ಲರಿಗೂ ನೆನಪಿರುತ್ತವೆ, ಆದರೆ ಚಿತ್ರದ ಜೀವ ಇರುವುದು ಚರ್ಚ್‌ನ ದೃಶ್ಯದಲ್ಲಿ. ಊರೆಲ್ಲ ಹೆದರುವ ಪಕ್ಕದ ಮನೆಯ ಮುದುಕ, ಮಗನೊಂದಿಗೆ ಮಾತು ಬಿಟ್ಟವನು, ಮೊಮ್ಮಗಳು ಹಾಡುವುದನ್ನು ದೂರದ ಬೆಂಚಿನಲ್ಲಿ ಕೂತು ಕೇಳುತ್ತಿರುತ್ತಾನೆ. ಎಂಟು ವರ್ಷದ ಹುಡುಗ ಅವನಿಗೆ ಹೇಳುವ ಬುದ್ಧಿಮಾತು ಅಜ್ಜ ಅಜ್ಜಿಯರನ್ನು ಕದಲಿಸುತ್ತದೆ. ಆ ಕೆಲವು ನಿಮಿಷ ಅಡುಗೆಮನೆಗೆ ಯಾರೂ ಏಳದಂತೆ ನೋಡಿಕೊಳ್ಳಿ. ಇನ್ನೊಂದು ಮಾತು: ಕಾದ ಬಾಗಿಲ ಹಿಡಿ, ಮೆಟ್ಟಿಲ ಮೇಲಿನ ಮೊಳೆ, ತಲೆಗೆ ಬಡಿಯುವ ಪೇಂಟ್ ಡಬ್ಬ, ಇವನ್ನೆಲ್ಲ ಆರರಿಂದ ಒಂಬತ್ತು ವರ್ಷದ ಮಕ್ಕಳು ಮಾರನೇ ದಿನ ಮಾಡಿ ನೋಡುತ್ತಾರೆ. ಅಂಥ ಪೆಟ್ಟು ನಿಜವಾಗಿ ಬಿದ್ದರೆ ಏನಾಗುತ್ತದೆ ಎಂದು ಚಿತ್ರ ಮುಗಿದ ಮೇಲೆ ಎರಡು ಮಾತು ಹೇಳಿ. ಮೊದಲೇ ಹೇಳಿ ನಗು ಕೆಡಿಸಬೇಡಿ.

ಸರಸ್ವತಿಪುರಂ, ಮೈಸೂರಿನ ವಿದ್ಯಾರ್ಥಿನಿ: ಹಿಮ, ಸಾಂತಾ, ದೀಪದ ಗಿಡ ಇದ್ದರೆ ಅದು ಕ್ರಿಸ್‌ಮಸ್ ಚಿತ್ರವೇ? ‘ಹಬ್ಬದ ಭಾವ’ ಅನ್ನುವುದನ್ನು ಗುರುತಿಸುವುದು ಹೇಗೆ?

ಬಾಗಿಲುಗಳನ್ನು ಗಮನಿಸಿ. ಹೊರಗೆ ಯಾರು ನಿಂತಿದ್ದಾರೆ, ಒಳಗೆ ಯಾರು ಕರೆಯುತ್ತಾರೆ, ಕರೆಯುವ ಮುನ್ನ ಎಷ್ಟು ಹೊತ್ತು ತಡೆಯುತ್ತಾರೆ. ಈ ಹಬ್ಬದ ಮೂಲ ಕಥೆಯೇ ಅದು. ಕನ್ನಡ ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ ತುಂಬು ಗರ್ಭಿಣಿಗೆ ಛತ್ರದಲ್ಲಿ ಸ್ಥಳ ಸಿಗುವುದಿಲ್ಲ, ಕೂಸನ್ನು ಗೋದಲಿಯಲ್ಲಿ ಮಲಗಿಸುತ್ತಾರೆ. ಛತ್ರ, ಗೋದಲಿ ಎರಡೂ ನಮ್ಮ ಮಾತುಗಳೇ. ದನದ ಕೊಟ್ಟಿಗೆ ಕಂಡವರಿಗೆ ಆ ರಾತ್ರಿ ಹೇಗಿದ್ದಿತು ಎಂಬುದು ಅರ್ಥವಾಗುತ್ತದೆ.

ಒಳ್ಳೆಯ ಕ್ರಿಸ್‌ಮಸ್ ಚಿತ್ರಗಳು ಇದನ್ನೇ ಬೇರೆ ಬೇರೆ ಬಗೆಯಲ್ಲಿ ಹೇಳುತ್ತವೆ. ‘ದಿ ಸ್ನೋಮ್ಯಾನ್’ನಲ್ಲಿ ಹುಡುಗ ನಡುರಾತ್ರಿ ಬಾಗಿಲು ತೆರೆದು ಹಿಮಮಾನವನನ್ನು ಮನೆಯೊಳಗೆ ಕರೆಯುತ್ತಾನೆ. ‘ಹೋಮ್ ಅಲೋನ್’ನ ಕೊನೆಯಲ್ಲಿ ಮುದುಕ ಮಗನನ್ನು ತಬ್ಬುವುದನ್ನು ಹುಡುಗ ಕಿಟಕಿಯಿಂದ ನೋಡುತ್ತಾನೆ. ಹಿಮ ಎಷ್ಟಿದ್ದರೂ ಈ ಬಾಗಿಲು ಇಲ್ಲದ ಚಿತ್ರ ಬರೀ ಅಲಂಕಾರ.

ಹೆಬ್ಬಾಳ, ಮೈಸೂರು: ‘ಡೈ ಹಾರ್ಡ್’ ಕ್ರಿಸ್‌ಮಸ್ ಚಿತ್ರ ಹೌದೋ ಅಲ್ಲವೋ? ಗೆಳೆಯರಲ್ಲಿ ವಾದ.

ಕಥೆ ನಡೆಯುವುದು ಹಬ್ಬದ ಹಿಂದಿನ ರಾತ್ರಿ, ಆಫೀಸ್ ಪಾರ್ಟಿಯಲ್ಲಿ. ಮುನಿಸಿಕೊಂಡ ಹೆಂಡತಿಯನ್ನು ಸೇರಲು ಗಂಡ ಬಂದಿದ್ದಾನೆ. ಅಷ್ಟರ ಮಟ್ಟಿಗೆ ಹೌದು. ಆದರೆ ಅಮೆರಿಕದಲ್ಲಿ ಅದು ಬಿಡುಗಡೆಯಾದದ್ದು 1988ರ ಜುಲೈನಲ್ಲಿ, ಹಬ್ಬದ ಹೊತ್ತಿಗಲ್ಲ. ರಕ್ತ, ಬೈಗುಳ ಎರಡೂ ಜಾಸ್ತಿ. ಮಕ್ಕಳು ಮಲಗಿದ ಮೇಲೆ ನೋಡಿ.

ವಿದ್ಯಾನಗರ, ಮಂಡ್ಯದ ನಿವೃತ್ತ ಶಿಕ್ಷಕರು: ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬಹಳ ದೊಡ್ಡ ಚಿತ್ರ ಎಂದು ಕೇಳಿ ನೋಡಲು ಕೂತೆ. ಒಂದು ಗಂಟೆಯಾದರೂ ಕ್ರಿಸ್‌ಮಸ್ಸೂ ಇಲ್ಲ, ದೇವದೂತನೂ ಕಾಣಲಿಲ್ಲ. ನಿಲ್ಲಿಸಿಬಿಟ್ಟೆ. ಮತ್ತೆ ನೋಡಬೇಕೆ?

ನೋಡಲೇಬೇಕು ಮೇಷ್ಟ್ರೇ. ನೀವು ನಿಲ್ಲಿಸಿದ ಜಾಗದವರೆಗೆ ನೋಡಿದ್ದೆಲ್ಲ ಕೊನೆಗೆ ಬಡ್ಡಿ ಸಮೇತ ವಾಪಸ್ ಬರುತ್ತದೆ. 130 ನಿಮಿಷದ ಚಿತ್ರ. ಆರಂಭದಲ್ಲಿ ಆಕಾಶದಿಂದ ದನಿ ಮಾತ್ರ ಕೇಳಿಸುವ ದೇವದೂತ ಕಣ್ಣೆದುರಿಗೆ ಬರುವುದು ಒಂದೂವರೆ ಗಂಟೆ ದಾಟಿದ ಮೇಲೆ. ನಿರ್ದೇಶಕ ಫ್ರಾಂಕ್ ಕಾಪ್ರಾ ಬೇಕೆಂದೇ ಹಾಗೆ ಕಟ್ಟಿದ್ದಾರೆ. ಜಾರ್ಜ್ ಬೈಲಿ ಎಂಬವನ ಇಡೀ ಬದುಕು ಮೊದಲು ನಮ್ಮದಾಗಬೇಕು, ಆಮೇಲೆ ಅದನ್ನು ಅಳಿಸಿ ತೋರಿಸಬೇಕು.

ಮಂಡ್ಯದವರಿಗೆ ಈ ಚಿತ್ರಕ್ಕೆ ಇನ್ನೊಂದು ಬಾಗಿಲಿದೆ: ಸಹಕಾರ ಸಂಘ. ಜಾರ್ಜ್ ನಡೆಸುವುದು ಊರವರ ಉಳಿತಾಯದಿಂದ ಊರವರಿಗೇ ಮನೆ ಸಾಲ ಕೊಡುವ ಸಣ್ಣ ಸಂಸ್ಥೆ. ಬ್ಯಾಂಕು ಮುಳುಗುತ್ತದೆಂದು ಗುಲ್ಲೆದ್ದು ಜನ ಮುತ್ತಿಗೆ ಹಾಕುತ್ತಾರೆ. ನಿಮ್ಮ ಹಣ ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ನಿಮ್ಮ ಪಕ್ಕದವನ ಮನೆಯ ಗೋಡೆಯಲ್ಲಿದೆ ಎಂದು ಅವನು ತಿಳಿಹೇಳುತ್ತಾನೆ. ಆಗಷ್ಟೇ ಮದುವೆಯಾಗಿರುವ ಹೆಂಡತಿ ಮಧುಚಂದ್ರಕ್ಕೆ ಇಟ್ಟಿದ್ದ ಎರಡು ಸಾವಿರ ಡಾಲರ್ ಎತ್ತಿ ತೋರಿಸುತ್ತಾಳೆ. ಕೆಲವರು ಜಾಸ್ತಿ ಕೇಳುತ್ತಾರೆ. ಒಬ್ಬಾಕೆ ಮೆಲ್ಲಗೆ ಹದಿನೇಳೂವರೆ ಡಾಲರ್ ಸಾಕು ಎನ್ನುತ್ತಾಳೆ. ಬಾಗಿಲು ಹಾಕುವ ಹೊತ್ತಿಗೆ ಉಳಿದದ್ದು ಎರಡು ಡಾಲರ್. ಷೇರುದಾರರ ಸಭೆಗಳಲ್ಲಿ ಕೂತವರು ಆ ದೃಶ್ಯವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಈ ಸಲ ಎರಡು ಸಣ್ಣ ವಸ್ತುಗಳ ಮೇಲೆ ಕಣ್ಣಿಡಿ. ಒಂದು, ಜಾರ್ಜನ ಹಳೇ ಮನೆಯ ಮೆಟ್ಟಿಲ ಕಂಬದ ಮೇಲಿನ ಮರದ ಗುಂಡು. ಹಿಡಿದಾಗಲೆಲ್ಲ ಕೈಗೇ ಬರುತ್ತದೆ, ಅವನಿಗೆ ಸಿಡುಕು. ಕೊನೆಯಲ್ಲಿ ಅದೇ ಗುಂಡು ಕೈಗೆ ಬಂದಾಗ ಮುತ್ತಿಡುತ್ತಾನೆ. ಇನ್ನೊಂದು, ಚಿಕ್ಕ ಮಗಳ ಹೂವಿನ ಎಸಳು. ಶಾಲೆಯಿಂದ ತಂದ ಹೂವಿನಿಂದ ಉದುರಿದ್ದನ್ನು ಮತ್ತೆ ಅಂಟಿಸಿದಂತೆ ನಟಿಸಿ, ಅಪ್ಪ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ದೇವದೂತ ತೋರಿಸುವ, ತಾನು ಹುಟ್ಟೇ ಇರದ ಲೋಕದಲ್ಲಿ ಜೇಬು ಖಾಲಿ. ಬದುಕು ಮರಳಿತು ಎಂಬುದಕ್ಕೆ ಗುರುತು ಆ ಎಸಳೇ.

ಹಿಮದ ಸಂಗತಿಯನ್ನೂ ಹೇಳಬೇಕು. 1946ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದ ಸೆಕೆಯಲ್ಲಿ ಚಿತ್ರೀಕರಣ ನಡೆಯಿತು. ಅಲ್ಲಿಯವರೆಗೆ ಸಿನಿಮಾದ ಹಿಮವೆಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ಕಾಲಿಟ್ಟರೆ ಕರಕರ ಸದ್ದು, ಮಾತನ್ನು ಆಮೇಲೆ ಮತ್ತೆ ಧ್ವನಿಮುದ್ರಿಸಬೇಕಿತ್ತು. ಇಲ್ಲಿ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಕಲಸಿ ಗಾಳಿಯಲ್ಲಿ ತೂರಿದರು. ಸದ್ದಿಲ್ಲದ ಆ ಹಿಮಕ್ಕೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಸೇತುವೆಯ ಮೇಲೆ ಜಾರ್ಜ್ ಪಿಸುಗುಟ್ಟುವ ಪ್ರಾರ್ಥನೆ ನಮಗೆ ಅಷ್ಟು ಹತ್ತಿರದಿಂದ ಕೇಳಿಸುವುದರಲ್ಲಿ ಈ ಸದ್ದಿಲ್ಲದ ಹಿಮದ ಪಾಲೂ ಇದೆ.

ಬಿಡುಗಡೆಯಾದಾಗ ಚಿತ್ರ ಹಣ ಮಾಡಲಿಲ್ಲ. 1974ರಲ್ಲಿ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ನವೀಕರಿಸುವುದು ತಪ್ಪಿಹೋಗಿ, ಟಿ.ವಿ. ಕೇಂದ್ರಗಳು ಪ್ರತಿ ಡಿಸೆಂಬರ್‌ನಲ್ಲಿ ಪುಕ್ಕಟೆ ತೋರಿಸತೊಡಗಿದವು. ಜನ ಅದನ್ನು ತಮ್ಮದಾಗಿ ಮಾಡಿಕೊಂಡದ್ದು ಹಾಗೆ.

ಎರಡು ರಾತ್ರಿ ಮಾಡಿಕೊಂಡು ನೋಡಿದರೂ ತಪ್ಪಿಲ್ಲ, ಆದರೆ ಕೊನೆಯ ನಲವತ್ತು ನಿಮಿಷವನ್ನು ತುಂಡು ಮಾಡಬೇಡಿ. ಬಣ್ಣ ಹಚ್ಚಿದ ಪ್ರತಿ ಸಿಕ್ಕರೆ ಬಿಡಿ, ಕಪ್ಪು ಬಿಳುಪಿನದೇ ಹುಡುಕಿ. ಸಾಲದಿಂದ ಕಂಗೆಟ್ಟವನು ಪ್ರಾಣ ಬಿಡಲು ಹೊರಡುವ ಸನ್ನಿವೇಶ ಇದರಲ್ಲಿದೆ. ಅಂಥ ಸಾವು ಕಂಡ ಮನೆಯಲ್ಲಿ ಮೊದಲೇ ಹೇಳಿ, ಅವರು ಒಪ್ಪಿದರೆ ಮಾತ್ರ ಹಾಕಿ.

ಅದೇ ಊರಿನ ಇನ್ನೊಬ್ಬರು, ವಕೀಲರು: ಕೋರ್ಟ್ ಕಥೆ ಇರುವ ಕ್ರಿಸ್‌ಮಸ್ ಚಿತ್ರ ಇದೆಯೆ?

‘ಮಿರಕಲ್ ಆನ್ 34ತ್ ಸ್ಟ್ರೀಟ್’, 1947ರದು, 96 ನಿಮಿಷ. ಅಂಗಡಿಯಲ್ಲಿ ಸಾಂತಾ ವೇಷ ಹಾಕಿದ ಮುದುಕ ತಾನೇ ನಿಜವಾದ ಸಾಂತಾ ಎನ್ನುತ್ತಾನೆ. ಹುಚ್ಚನೋ ಅಲ್ಲವೋ ಎಂದು ನ್ಯಾಯಾಲಯ ತೀರ್ಮಾನಿಸಬೇಕು. ವಕೀಲ ಹೂಡುವ ಸಾಕ್ಷ್ಯದ ಉಪಾಯವನ್ನು ಇಲ್ಲಿ ಬಿಡಿಸುವುದಿಲ್ಲ. ಆ ಪಾತ್ರಕ್ಕೆ ಎಡ್ಮಂಡ್ ಗ್ವೆನ್ ಆಸ್ಕರ್ ಪಡೆದರು. ಡಚ್ ಭಾಷೆ ಮಾತ್ರ ಬಲ್ಲ ಅನಾಥ ಹುಡುಗಿಯೊಬ್ಬಳು ಅವನ ಮುಂದೆ ಬಂದಾಗ ಅವನು ಅವಳ ಭಾಷೆಯಲ್ಲೇ ಮಾತಾಡಿ ಹಾಡುತ್ತಾನೆ. ಹುಡುಗಿಯ ಮುಖ ಅರಳುವುದನ್ನು ನೋಡಿ.

ಕೆ.ಆರ್. ಮೊಹಲ್ಲಾ, ಮೈಸೂರು: ಸ್ಕ್ರೂಜ್ ಕಥೆಯ ಚಿತ್ರಗಳು ಹಲವಾರಿವೆ. ಹತ್ತು ವರ್ಷದ ಮಗಳಿಗೆ ಯಾವುದು?

ಚಾರ್ಲ್ಸ್ ಡಿಕನ್ಸ್ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಆ ಪುಟ್ಟ ಪುಸ್ತಕ ತಂದದ್ದು 1843ರ ಡಿಸೆಂಬರ್ 19ರಂದು. ಸ್ಕ್ರೂಜ್ ಎಂಬ ಜಿಪುಣನಿಗೆ ಒಂದು ರಾತ್ರಿ ಮೂರು ಭೂತಗಳು ಕಾಣಿಸಿ ಅವನ ಮನಸ್ಸು ತಿರುಗುವ ಕಥೆ. ಮಗಳಿಗೆ 1992ರ ‘ದಿ ಮಪೆಟ್ ಕ್ರಿಸ್‌ಮಸ್ ಕ್ಯಾರಲ್’ ಹಾಕಿ, ಸುಮಾರು 85 ನಿಮಿಷ. ಸುತ್ತ ಬಟ್ಟೆಗೊಂಬೆಗಳೇ ಇದ್ದರೂ ಸ್ಕ್ರೂಜ್ ಆಗಿರುವ ಮೈಕಲ್ ಕೇನ್ ಒಂದು ಸಲವೂ ಗೊಂಬೆಯ ಜೊತೆ ಆಡುತ್ತಿರುವಂತೆ ನಟಿಸುವುದಿಲ್ಲ. ಅದಕ್ಕೇ ಗುಮಾಸ್ತನಾಗಿರುವ ಕಪ್ಪೆಗೊಂಬೆಯ ಮಗ ಪುಟ್ಟ ಟಿಮ್‌ನ ಕುರ್ಚಿ ಖಾಲಿಯಾದಾಗ ಮಕ್ಕಳಿಗೆ ಗಂಟಲು ಕಟ್ಟುತ್ತದೆ. 2009ರ ಕಂಪ್ಯೂಟರ್ ಚಿತ್ರದ ಭೂತಗಳು ಹತ್ತು ವರ್ಷಕ್ಕೆ ಸ್ವಲ್ಪ ಹೆಚ್ಚೇ ಭಯ ಹುಟ್ಟಿಸುತ್ತವೆ.

ನಿಮಗಾಗಿ 1951ರ, ಅಲಸ್ಟೇರ್ ಸಿಮ್ ನಟಿಸಿದ ಕಪ್ಪು ಬಿಳುಪಿನ ‘ಸ್ಕ್ರೂಜ್’ ಇಟ್ಟುಕೊಳ್ಳಿ. ಅದರಲ್ಲೊಂದು ಕ್ಷಣವಿದೆ. ಬದಲಾದ ಸ್ಕ್ರೂಜ್, ತಾನು ಅವಮಾನಿಸಿ ಕಳಿಸಿದ್ದ ಸೋದರಳಿಯನ ಮನೆಗೆ ಬರುತ್ತಾನೆ. ಒಳಗೆ ಹಾಡು ಕೇಳಿಸುತ್ತಿದೆ. ಕೋಣೆಯ ಬಾಗಿಲ ಮುಂದೆ ಕಾಲು ಏಳದೆ ನಿಲ್ಲುತ್ತಾನೆ. ಕೆಲಸದ ಹುಡುಗಿ ಒಂದು ಮಾತೂ ಆಡದೆ ನಕ್ಕು, ಹೋಗಿ ಎಂಬಂತೆ ತಲೆಯಾಡಿಸುತ್ತಾಳೆ. ಅವನು ಒಳಗೆ ಕಾಲಿಡುತ್ತಾನೆ. ತಪ್ಪು ಮಾಡಿದವನಿಗೆ ಹೊಸ್ತಿಲು ದಾಟುವುದು ಎಷ್ಟು ಕಷ್ಟ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ನಮಗೆ ಬೇರೆ ಗೊತ್ತಿಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿನ ಶಿಕ್ಷಕಿ: ನಮ್ಮದು ಕನ್ನಡ ಮಾಧ್ಯಮ ಶಾಲೆ. ಮೂರರಿಂದ ಏಳನೇ ತರಗತಿ ಮಕ್ಕಳಿಗೆ ರಜೆಗೆ ಮುಂಚೆ ಒಂದು ಗಂಟೆ ಏನಾದರೂ ತೋರಿಸಬೇಕು. ಇಂಗ್ಲಿಷ್ ಅರ್ಥವಾಗುವುದಿಲ್ಲ. ಕಾನೂನಿನ ತೊಡಕಿದೆಯೆ?

ಮಾತಿಲ್ಲದ ಚಿತ್ರಗಳನ್ನು ಆರಿಸಿ. ಒಂದು ಗಂಟೆಗೆ ನಮ್ಮ ಸಲಹೆ ಹೀಗಿದೆ. ಮೊದಲು ಇಂಗ್ಲೆಂಡಿನ ಜಿ.ಎ. ಸ್ಮಿತ್ 1898ರಲ್ಲಿ ತೆಗೆದ ‘ಸಾಂತಾ ಕ್ಲಾಸ್’ ಮೂಕಿಚಿತ್ರ. ಒಂದು ನಿಮಿಷ ಚಿಲ್ಲರೆ ಅಷ್ಟೆ. ಮಕ್ಕಳು ಮಲಗಿರುವ ಕೋಣೆಯ ಚಿತ್ರದೊಳಗೇ ಒಂದು ದುಂಡು ಚಿತ್ರ ಮೂಡಿ, ಅದೇ ಹೊತ್ತಿಗೆ ಸಾಂತಾ ಚಾವಣಿಯ ಮೇಲೆ ಏನು ಮಾಡುತ್ತಿದ್ದಾನೆ ಎಂದು ತೋರಿಸುತ್ತದೆ. ಎರಡು ಸಲ ಹಾಕಿ. ಮೊದಲ ಸಲ ಮಕ್ಕಳಿಗೆ ಏನಾಯಿತೆಂದೇ ತಿಳಿದಿರುವುದಿಲ್ಲ. ಆಮೇಲೆ ‘ದಿ ಸ್ನೋಮ್ಯಾನ್’. ಕೊನೆಗೆ ‘ಶಾನ್ ದಿ ಶೀಪ್: ದಿ ಫ್ಲೈಟ್ ಬಿಫೋರ್ ಕ್ರಿಸ್‌ಮಸ್’ (2021, 30 ನಿಮಿಷ): ಉಡುಗೊರೆಗೆಂದು ದೊಡ್ಡ ಕಾಲುಚೀಲ ತರಲು ಹೋಗಿ ಮರಿಕುರಿಯೊಂದು ಕಾಣೆಯಾಗುವ ಕಥೆ. ಕುರಿ ಸಾಕಿದ ಮನೆಯ ಮಕ್ಕಳಿಗೆ ವಿವರಣೆಯೇ ಬೇಡ.

ಈ ಕ್ರಮ ಬದಲಿಸಬೇಡಿ. ‘ಸ್ನೋಮ್ಯಾನ್’ ಕೊನೆಯಲ್ಲಿ ಬೆಳಗಾಗುತ್ತದೆ, ಹಿಮಮಾನವ ಕರಗಿ ಟೋಪಿ ಮಫ್ಲರ್ ಮಾತ್ರ ಉಳಿದಿರುತ್ತದೆ. ಹುಡುಗ ತನ್ನ ಜೇಬಿಗೆ ಕೈ ಹಾಕಿದರೆ ರಾತ್ರಿ ಸಿಕ್ಕಿದ್ದ ಉಡುಗೊರೆಯ ಮಫ್ಲರ್ ಅಲ್ಲೇ ಇರುತ್ತದೆ. ಕೆಲವು ಮಕ್ಕಳು ಅಳುತ್ತಾರೆ. ಲೈಟು ತಟ್ಟನೆ ಹಾಕಬೇಡಿ, ‘ಅಯ್ಯೋ ಏನೂ ಆಗಿಲ್ಲ’ ಎನ್ನಬೇಡಿ. ಎರಡು ನಿಮಿಷ ಸುಮ್ಮನಿದ್ದು, ಮಫ್ಲರ್ ಜೇಬಿಗೆ ಹೇಗೆ ಬಂತು ಎಂದಷ್ಟೇ ಕೇಳಿ. ನಡುವೆ ಒಂದು ಇಂಗ್ಲಿಷ್ ಹಾಡಿದೆ, ಹಾರುವ ದೃಶ್ಯಕ್ಕೆ. ಅದರ ಅರ್ಥ ಹೇಳಲು ನಿಲ್ಲಿಸಬೇಡಿ.

ಕಾನೂನು: ಶಾಲೆಯ ಚಟುವಟಿಕೆಯಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರ ಮುಂದೆ ಮಾತ್ರ ಚಿತ್ರ ತೋರಿಸುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಊರಿಗೆಲ್ಲ ಡಂಗುರ ಸಾರಿ ಕರೆದರೆ ಆ ವಿನಾಯಿತಿ ಹೋಯಿತು. ಒ.ಟಿ.ಟಿ. ಖಾತೆಗಳ ಷರತ್ತು ಮನೆ ಬಳಕೆಗೆ ಸೀಮಿತವಾಗಿರುತ್ತದೆ, ಆದ್ದರಿಂದ ಡಿ.ವಿ.ಡಿ. ಸಿಕ್ಕರೆ ಅದೇ ಮೇಲು.

ಬನ್ನಿಮಂಟಪ, ಮೈಸೂರಿನ ಚರ್ಚ್ ಯುವಕರ ತಂಡ: 23ರ ಸಂಜೆ ಚರ್ಚ್ ಅಂಗಳದಲ್ಲಿ ಪರದೆ ಕಟ್ಟಿ ನೂರು ಜನಕ್ಕೆ ಸಿನಿಮಾ ತೋರಿಸಬೇಕು. ಹೋದ ವರ್ಷ ಚಿತ್ರ ಮಂಕಾಗಿತ್ತು, ಮಾತು ಕೇಳಲಿಲ್ಲ, ಅರ್ಧಕ್ಕೆ ಲೆನ್ಸ್ ಮಂಜಾಯಿತು.

ಮೂರಕ್ಕೂ ಕಾರಣವಿದೆ, ಪರಿಹಾರವೂ ಇದೆ. ಮೊದಲು ಅನುಮತಿ. ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಪರವಾನಗಿ ಬೇಕು, ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರವೂ ಇರಬೇಕು. ಶಾಲೆಗೆ ಇರುವ ವಿನಾಯಿತಿ ಚರ್ಚ್ ಅಂಗಳಕ್ಕೆ ಇಲ್ಲ. ತಿಂಗಳು ಮುಂಚೆಯೇ ಬರೆದು ಕೇಳಿ. ಸಿಗದಿದ್ದರೆ ನಿಮ್ಮ ಮಕ್ಕಳ ಗೋದಲಿ ನಾಟಕವನ್ನೇ ಹತ್ತು ನಿಮಿಷದ ಚಿತ್ರವಾಗಿ ಮೊಬೈಲಿನಲ್ಲಿ ತೆಗೆದು ತೋರಿಸಿ. ಅದಕ್ಕೆ ಸೇರುವಷ್ಟು ಜನ ಯಾವ ಹಾಲಿವುಡ್ ಚಿತ್ರಕ್ಕೂ ಸೇರುವುದಿಲ್ಲ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು, ರಾತ್ರಿ ಹತ್ತರ ನಂತರ ಹಾಕುವಂತಿಲ್ಲ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಪೂರ್ತಿ ಕತ್ತಲಾಗುವುದು ಆರೂ ಮುಕ್ಕಾಲಿಗೆ. ಏಳಕ್ಕೆ ಶುರು ಮಾಡಿದರೆ ಒಂಬತ್ತರೊಳಗೆ ಮುಗಿಯುತ್ತದೆ.

ಮಂಕಿಗೆ ಕಾರಣ ಪ್ರೊಜೆಕ್ಟರ್. ಲೂಮೆನ್ ಎಂದರೆ ಬೆಳಕಿನ ಅಳತೆ. ಆನ್‌ಲೈನ್‌ನಲ್ಲಿ ‘9000 ಲೂಮೆನ್’ ಎಂದು ಮಾರುವ ಅಗ್ಗದ ಡಬ್ಬಗಳ ನಿಜವಾದ ಬೆಳಕು ಕೆಲವು ನೂರು ಮಾತ್ರ. ಬಾಡಿಗೆಗೆ ತರುವಾಗ ‘ಆನ್ಸಿ ಲೂಮೆನ್’, ಅಂದರೆ ಮಾನಕ ಪರೀಕ್ಷೆಯಲ್ಲಿ ಅಳೆದ ಬೆಳಕು, ಎಷ್ಟು ಎಂದು ಕೇಳಿ, 3000ಕ್ಕೆ ಕಡಿಮೆ ಬೇಡ. ಬೀದಿದೀಪ ಹತ್ತಿರವಿದ್ದರೆ 4000. ಪರದೆ ಹತ್ತಡಿ ಅಗಲ, ಐದು ಅಡಿ ಎಂಟು ಇಂಚು ಎತ್ತರ ಸಾಕು. ಪ್ರೊಜೆಕ್ಟರಿನ ಥ್ರೋ ರೇಷಿಯೋ (ಪರದೆಯ ಅಗಲದ ಎಷ್ಟು ಪಟ್ಟು ದೂರ ಎಂಬ ಲೆಕ್ಕ) 1.5 ಎಂದಿದ್ದರೆ ಪರದೆಯಿಂದ ಹದಿನೈದು ಅಡಿ ದೂರ ಇಡಬೇಕು. ಮನೆಯ ಬೆಡ್‌ಶೀಟ್ ತೆಳುವಾದರೆ ಬೆಳಕು ಹಿಂದಕ್ಕೆ ಹಾದುಹೋಗುತ್ತದೆ. ದಪ್ಪ ಬಿಳಿ ಹತ್ತಿ ಬಟ್ಟೆ ತಂದು, ಮೇಲೆ ಕೆಳಗೆ ಮೂರಿಂಚಿನ ಮಡಿಕೆ ಹೊಲಿಸಿ ಬಿದಿರ ಗಳು ತೂರಿಸಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ. ಕೆಳಗಿನ ಗಳುವನ್ನು ಗೂಟಕ್ಕೆ ಬಿಗಿಯದಿದ್ದರೆ ಗಾಳಿಗೆ ಮುಖಗಳು ಅಲೆಯಾಡುತ್ತವೆ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕಡಿ ಮೇಲಿರಲಿ. ಸಬ್‌ಟೈಟಲ್ ಬರುವುದೇ ಕೆಳಗೆ. ತಗ್ಗಿಸಿ ಕಟ್ಟಿದರೆ ಮುಂದಿನವರ ತಲೆ ಅಡ್ಡ ಬರುತ್ತದೆ. ಮುಂದೆ ಜಮಖಾನ, ಹಿಂದೆ ಕುರ್ಚಿ.

ಮಾತು ಕೇಳದಿದ್ದುದಕ್ಕೆ ಬಹುಶಃ ಹಾರ್ನ್ ಸ್ಪೀಕರ್ ಕಾರಣ. ಅದು ಘೋಷಣೆಗೆ ಸರಿ, ಸಂಭಾಷಣೆಗೆ ಅಲ್ಲ. ಹನ್ನೆರಡು ಇಂಚಿನ ಎರಡು ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್‌ಗಳನ್ನು ಪರದೆಯ ಎಡಬಲಕ್ಕೆ, ಆರಡಿ ಎತ್ತರದಲ್ಲಿ ನಿಲ್ಲಿಸಿ. ಬ್ಲೂಟೂತ್ ಬೇಡ, ಶಬ್ದ ತಡವಾಗಿ ಬಂದು ತುಟಿಗೂ ಮಾತಿಗೂ ಹೊಂದುವುದಿಲ್ಲ. ವೈರೇ ಹಾಕಿ.

ಲೆನ್ಸ್ ಮಂಜಾದದ್ದು ಇಬ್ಬನಿಯಿಂದ. ಎಂಟರ ಮೇಲೆ ಬಯಲಲ್ಲಿ ತೇವ ಇಳಿಯತೊಡಗುತ್ತದೆ. ಪ್ರೊಜೆಕ್ಟರಿನ ತಲೆಯ ಮೇಲೆ ಶಾಮಿಯಾನದ ತುಂಡು ಕಟ್ಟಿ, ಆದರೆ ಸುತ್ತ ಒಂದೊಂದಡಿ ಬಿಡಿ. ಬಿಸಿ ಗಾಳಿ ಹೊರಬರದಿದ್ದರೆ ತಾನಾಗೇ ಆರಿಹೋಗುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಕರೆಂಟು ಹೋಗಿ ಬಂದರೂ ಲ್ಯಾಂಪ್ ತಣ್ಣಗಾಗುವವರೆಗೆ ಹೊತ್ತುವುದಿಲ್ಲ, ಆದ್ದರಿಂದ ಯು.ಪಿ.ಎಸ್. ಇರಲೇಬೇಕು. ಮುಗಿದ ಮೇಲೆ ಫ್ಯಾನ್ ನಿಲ್ಲುವ ತನಕ ಪ್ಲಗ್ ಕೀಳಬೇಡಿ. 22ರ ರಾತ್ರಿ ಅದೇ ಜಾಗದಲ್ಲಿ, ಅದೇ ಚಿತ್ರವನ್ನು ಹತ್ತು ನಿಮಿಷ ಓಡಿಸಿ ನೋಡಿ.

ಗಾಂಧಿನಗರ, ಮಂಡ್ಯ: ಟಿ.ವಿ.ಯಲ್ಲಿ ಹಳೇ ಚಿತ್ರ ಹಾಕಿದರೆ ಮುಖಗಳು ಉಬ್ಬಿದಂತೆ ಕಾಣುತ್ತವೆ. ಹಾಡು ಕಿವಿ ಒಡೆಯುತ್ತದೆ, ಮಾತು ಕೇಳುವುದಿಲ್ಲ. ಲ್ಯಾಪ್‌ಟಾಪಿನಿಂದ ಹಾಕಿದರೆ ಶಬ್ದ ಮಾತ್ರ, ಚಿತ್ರ ಕಪ್ಪು.

ಹಳೆಯ ಚಿತ್ರಗಳ ಚೌಕಟ್ಟು ಅಗಲ ಕಡಿಮೆ, 1.37ಕ್ಕೆ 1. ನಿಮ್ಮ ಟಿ.ವಿ. ಅದನ್ನು ಎಳೆದು ಪೂರ್ತಿ ತುಂಬಿಸುತ್ತಿದೆ. ಪಿಕ್ಚರ್ ಸೈಜ್‌ನಲ್ಲಿ ‘ಒರಿಜಿನಲ್’ ಅಥವಾ ‘4:3’ ಆರಿಸಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಬೇಕು. ‘ಮೋಷನ್ ಸ್ಮೂದಿಂಗ್’ ಎಂಬುದನ್ನು ಆಫ್ ಮಾಡಿಬಿಡಿ, ಅದಿದ್ದರೆ ಸಿನಿಮಾ ಸೀರಿಯಲ್ ಥರ ಕಾಣುತ್ತದೆ. ಹಿಮದ ಮೇಲೆ ಬಿಳಿ ಸಬ್‌ಟೈಟಲ್ ಓದಲಾಗದು, ಬಣ್ಣ ಹಳದಿ ಮಾಡಿ.

ಶಬ್ದ: ಚಿತ್ರದ 5.1 ಧ್ವನಿಯಲ್ಲಿ (ಆರು ಸ್ಪೀಕರಿಗೆ ಹಂಚಿದ್ದು) ಮಾತು ನಡುವಿನ ಸ್ಪೀಕರಿಗೆ ಹೋಗುತ್ತದೆ. ಟಿ.ವಿ.ಗೆ ಇರುವುದು ಎರಡೇ, ಹಾಗಾಗಿ ಮಾತು ಕುಗ್ಗುತ್ತದೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ ಸ್ಟೀರಿಯೊ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಟಿ.ವಿ.ಯ ‘ನೈಟ್ ಮೋಡ್’ ಹಾಕಿ. ಚಿತ್ರ ಕಪ್ಪಾಗುವುದು ನಕಲು ತಡೆಯುವ ಬೀಗದಿಂದ. ವಿ.ಜಿ.ಎ. ಕನ್ವರ್ಟರ್ ಅಥವಾ ಸ್ಕ್ರೀನ್ ಮಿರರಿಂಗ್ ನಡುವೆ ಬಂದರೆ ಆ್ಯಪ್ ಚಿತ್ರ ಕಳಿಸುವುದಿಲ್ಲ. ಎಚ್.ಡಿ.ಎಂ.ಐ. ಕೇಬಲನ್ನು ನೇರ ಹಾಕಿದರೆ ಸರಿಹೋಗುತ್ತದೆ.

ಮಾನಸಗಂಗೋತ್ರಿಯ ವಿದ್ಯಾರ್ಥಿಗಳು: ಯುದ್ಧಕಾಲದ ಕ್ರಿಸ್‌ಮಸ್ ಕುರಿತ ಗಂಭೀರ ಚಿತ್ರ?

‘ಜ್ವಾಯೆ ನೊಯೆಲ್’, 2005ರದು, 116 ನಿಮಿಷ. 1914ರ ಕ್ರಿಸ್‌ಮಸ್ ರಾತ್ರಿ ಮೊದಲ ಮಹಾಯುದ್ಧದ ಪಶ್ಚಿಮ ರಣರಂಗದ ಹಲವೆಡೆ ಎದುರಾಳಿ ಸೈನಿಕರು ಗುಂಡಿನ ಕಾಳಗ ನಿಲ್ಲಿಸಿ ಕೈಕುಲುಕಿದ್ದು ಚರಿತ್ರೆ. ಚಿತ್ರ ಶುರುವಾಗುವುದು ಮೂರು ದೇಶದ ಶಾಲಾಮಕ್ಕಳು ಶತ್ರುವನ್ನು ದ್ವೇಷಿಸುವ ಪದ್ಯ ಒಪ್ಪಿಸುವುದರಿಂದ. ತಡವಾಗಿ ಬಂದರೆ ಚಿತ್ರದ ಮೂಲವೇ ತಪ್ಪಿಹೋಗುತ್ತದೆ. ಫ್ರೆಂಚ್, ಜರ್ಮನ್, ಇಂಗ್ಲಿಷ್ ಮೂರೂ ಇರುವ ಮೂಲ ಧ್ವನಿಯಲ್ಲೇ ನೋಡಿ. ಎಲ್ಲವನ್ನೂ ಒಂದೇ ಭಾಷೆಗೆ ಡಬ್ ಮಾಡಿದರೆ ಯಾರು ಯಾರಿಗೆ ಅರ್ಥವಾಗುತ್ತಿಲ್ಲ ಎಂಬುದೇ ಮಾಯ.

ಕೆ.ಆರ್. ನಗರ: 24ರ ರಾತ್ರಿ ಚರ್ಚ್‌ನ ಬಲಿಪೂಜೆಗೆ ಹೋಗುವ ಮುನ್ನ ಮನೆಯವರೆಲ್ಲ ಕೂತು ಯೇಸುವಿನ ಜನನದ ಚಿತ್ರವನ್ನೇ ನೋಡಬೇಕೆಂಬ ಆಸೆ.

‘ದಿ ನೇಟಿವಿಟಿ ಸ್ಟೋರಿ’ (2006, 101 ನಿಮಿಷ) ನೋಡಿ. ಅದರ ಮೊದಲ ಪ್ರದರ್ಶನ ವ್ಯಾಟಿಕನ್‌ನಲ್ಲೇ ಆಯಿತು. ಚಿತ್ರೀಕರಣ ಇಟಲಿಯ ಮಾತೇರಾ ಎಂಬ ಕಲ್ಲು ಗುಹೆಗಳ ಊರಿನಲ್ಲಿ ಮತ್ತು ಮೊರಾಕ್ಕೋದಲ್ಲಿ. ಮರಿಯಳ ಹಳ್ಳಿಯ ಬದುಕು, ಕಂದಾಯದವರ ಕಾಟ, ಕತ್ತೆಯ ಮೇಲಿನ ದೂರದ ಪಯಣ, ಎಲ್ಲವನ್ನೂ ನಿಧಾನವಾಗಿ ತೋರಿಸುತ್ತಾರೆ. ಜೋಸೆಫ್ ತನ್ನ ಪಾಲಿನ ರೊಟ್ಟಿಯನ್ನು ಕತ್ತೆಗೆ ಕೊಡುವಂಥ ಸಣ್ಣ ಗಳಿಗೆಗಳಲ್ಲಿ ಚಿತ್ರ ಗೆಲ್ಲುತ್ತದೆ. ಕುರುಬರೂ ಜ್ಯೋತಿಷಿಗಳೂ ಒಂದೇ ರಾತ್ರಿ ಬಂದಂತೆ ತೋರಿಸಿರುವುದು ಸಿನಿಮಾದ ಅನುಕೂಲಕ್ಕೆ. ಕುರುಬರು ಲೂಕನಲ್ಲಿ, ಜ್ಯೋತಿಷಿಗಳು ಮತ್ತಾಯನಲ್ಲಿ ಬರುತ್ತಾರೆ ಎಂದು ಮಕ್ಕಳಿಗೆ ಆಮೇಲೆ ತೆರೆದು ತೋರಿಸಬಹುದು.

ಎಚ್ಚರ: ಚಿತ್ರದ ಮೊದಲಲ್ಲೇ ರಾಜ ಹೆರೋದನ ಸೈನಿಕರು ಕೂಸುಗಳನ್ನು ಕೊಲ್ಲಲು ನುಗ್ಗುವ ದೃಶ್ಯವಿದೆ. ಎಂಟು ವರ್ಷದೊಳಗಿನವರಿದ್ದರೆ ಆ ಆರಂಭವನ್ನು ದಾಟಿಸಿ ಹಾಕಿ.

ಎಂಟಕ್ಕೆ ಊಟ ಮುಗಿಸಿ ಕೂರಿ, ಒಂಬತ್ತೂ ಮುಕ್ಕಾಲಿಗೆ ಚಿತ್ರ ಮುಗಿಯುತ್ತದೆ. ಕೂಡಲೇ ಟಿ.ವಿ. ಆರಿಸಿ, ಸುದ್ದಿ ಚಾನೆಲ್ ಹಾಕಬೇಡಿ. ಚಳಿಗೆ ಸ್ವೆಟರು, ಅಜ್ಜಿಗೆ ಶಾಲು ಮೊದಲೇ ತೆಗೆದಿಡಿ. ಮನೆಯಲ್ಲಿ ಕಟ್ಟಿದ ಗೋದಲಿಯಲ್ಲಿ ಬಾಲಯೇಸುವಿನ ಜಾಗವನ್ನು ಖಾಲಿ ಬಿಟ್ಟೇ ಹೊರಡಿ. ಪೂಜೆಯಿಂದ ಬಂದ ಮೇಲೆ ಬಾಲಯೇಸುವನ್ನು ಮನೆಯ ಅತಿ ಚಿಕ್ಕ ಮಗುವಿನಿಂದ ಅಲ್ಲಿ ಇಡಿಸಿ.